ವೇಟಿಂಗ್‌ ಲಿಸ್ಟ್‌ನಲ್ಲಿ ಸೀಟು: ಕಾಯುವುದರ ಖರ್ಚು ಯಾರ ತಲೆಗೆ?

ಊರಿಂದ ದೂರ ಇರುವ ಕನ್ನಡಿಗರಿಗೆ ವೇಟಿಂಗ್‌ ಲಿಸ್ಟ್‌ ಹೊಸದಲ್ಲ. ದೀಪಾವಳಿಗೆ ದೆಹಲಿಯಿಂದ ಕರ್ನಾಟಕ ಎಕ್ಸ್‌ಪ್ರೆಸ್‌, ಮುಂಬೈಯಿಂದ ಉದ್ಯಾನ್‌ ಎಕ್ಸ್‌ಪ್ರೆಸ್‌ ಹಿಡಿಯಬೇಕಾದವರು ಟಿಕೆಟ್‌ ಮೇಲಿನ ಡಬ್ಲ್ಯುಎಲ್‌ ಸಂಖ್ಯೆ ನೋಡಿಯೇ 'ಆಗುತ್ತೆ', 'ಆಗಲ್ಲ' ಎಂದು ಹೇಳಿಬಿಡುತ್ತಾರೆ. ಸಂಖ್ಯೆ ದಿನದಿನಕ್ಕೆ ಇಳಿಯುವುದು ಕಣ್ಣಿಗೆ ಕಾಣುತ್ತದೆ. ರೈಲು ಹೊರಡುವ ಮೊದಲು ಚಾರ್ಟ್‌ ಆಗುತ್ತದೆ. ಸೀಟು ಸಿಗದಿದ್ದರೆ ಆನ್‌ಲೈನ್‌ ಟಿಕೆಟ್‌ ತಾನಾಗಿಯೇ ರದ್ದಾಗಿ, ಸಣ್ಣದೊಂದು ಶುಲ್ಕ ಮುರಿದುಕೊಂಡು ಉಳಿದ ಹಣ ಖಾತೆಗೆ ವಾಪಸ್‌ ಬರುತ್ತದೆ. ಬೇಸರ ಆಗಬಹುದು, ಆದರೆ ಮೋಸ ಹೋದೆವು ಅನ್ನಿಸುವುದಿಲ್ಲ.

ಕಾಲೇಜು ಸೀಟಿನ ವೇಟಿಂಗ್‌ ಲಿಸ್ಟ್‌ ಹೀಗಿಲ್ಲ. ಅಲ್ಲಿ ಸಂಖ್ಯೆ ಕಾಣುವುದು ಕೆಲವೇ ಕಡೆ. ಚಾರ್ಟ್‌ ಯಾವಾಗ ಎಂದು ಗೊತ್ತಾಗುವುದೂ ಅಪರೂಪ. ಕಾಯುತ್ತಿರುವಾಗಲೇ ಇನ್ನೊಂದು ಕಡೆ ದುಡ್ಡು ಕಟ್ಟಬೇಕು. ಕಟ್ಟಿದ ದುಡ್ಡು ವಾಪಸ್‌ ಬರುತ್ತದೋ ಇಲ್ಲವೋ ಎಂಬುದು ಬೇರೆಯೇ ತಲೆನೋವು. ಪ್ರತಿ ವರ್ಷ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆ, ಹೈದರಾಬಾದ್‌, ಚೆನ್ನೈ, ದೆಹಲಿಯ ಎಷ್ಟೋ ಮನೆಗಳಲ್ಲಿ ಮಗಳು ಮೊಬೈಲ್‌ನಲ್ಲಿ ಒಂದೇ ಪುಟವನ್ನು ಹತ್ತಾರು ಸಲ ರಿಫ್ರೆಶ್‌ ಮಾಡುತ್ತಿರುತ್ತಾಳೆ. ಅಪ್ಪ ಎಫ್‌ಡಿ ಮುರಿಸಬೇಕೋ ಬೇಡವೋ ಎಂಬ ಲೆಕ್ಕದಲ್ಲಿರುತ್ತಾರೆ. ಊರಿಂದ ಅಜ್ಜಿ ಫೋನ್‌ ಮಾಡಿ 'ಸೀಟು ಆಯ್ತೇನೇ?' ಎಂದು ಕೇಳಿದರೆ ಹೌದು ಎನ್ನುವಂತಿಲ್ಲ, ಇಲ್ಲ ಎನ್ನುವಂತೆಯೂ ಇಲ್ಲ.

ಈ ಕಾಯುವಿಕೆಯನ್ನು ಮಕ್ಕಳ ತಾಳ್ಮೆಯ ಪರೀಕ್ಷೆ, ಹಣೆಬರಹ ಎಂದೆಲ್ಲ ಕರೆಯುವುದು ರೂಢಿ. ನಿಜಕ್ಕೂ ಅದೊಂದು ಲೆಕ್ಕಾಚಾರ. ಸೀಟು ಸಿಕ್ಕವರಲ್ಲಿ ಎಷ್ಟು ಮಂದಿ ಬಂದು ಸೇರುತ್ತಾರೆ ಎಂಬುದು ಯಾವ ವಿಶ್ವವಿದ್ಯಾಲಯಕ್ಕೂ ಮುಂಚೆ ತಿಳಿಯುವುದಿಲ್ಲ. ಸೀಟು ಖಾಲಿ ಉಳಿದರೆ ನಷ್ಟ, ಹೆಚ್ಚು ಮಂದಿ ಬಂದರೆ ಕೂರಿಸಲು ಬೆಂಚಿಲ್ಲ. ಈ ಅನಿಶ್ಚಿತತೆಯನ್ನು ಯಾರಾದರೂ ಹೊರಲೇಬೇಕು. ಅದನ್ನು ಕಾಲೇಜು ಹೊರಬೇಕೋ, ಹದಿನೆಂಟರ ಹುಡುಗ ಹೊರಬೇಕೋ? ದೆಹಲಿ ವಿಶ್ವವಿದ್ಯಾಲಯದ ಇತ್ತೀಚಿನ ವರ್ಷಗಳ ಪ್ರವೇಶವನ್ನು ನೋಡಿದರೆ ಈ ಭಾರ ಹೇಗೆ ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ದಾಟುತ್ತಾ ಬಂತು ಎಂಬುದು ಸ್ಪಷ್ಟವಾಗುತ್ತದೆ.

ಕಟ್‌ಆಫ್‌ ಕಾಲದಲ್ಲಿ ಭಾರ ಕಾಲೇಜಿನದು

2021ರವರೆಗೆ ದೆಹಲಿ ವಿವಿಯಲ್ಲಿ ವೇಟಿಂಗ್‌ ಲಿಸ್ಟ್‌ ಎಂಬ ಮಾತೇ ಬಹುಪಾಲು ಇರಲಿಲ್ಲ. ಕಟ್‌ಆಫ್‌ ಇತ್ತು. ಪ್ರತಿ ಕಾಲೇಜೂ ಪ್ರತಿ ಕೋರ್ಸ್‌ಗೆ ಇಷ್ಟು ಶೇಕಡಾ ಎಂದು ಪ್ರಕಟಿಸುತ್ತಿತ್ತು. ಅಷ್ಟು ಅಂಕ ಇದ್ದವರು ನಿಗದಿತ ದಿನದೊಳಗೆ ಬಂದರೆ ಎಲ್ಲರಿಗೂ ಪ್ರವೇಶ ಕೊಡಲೇಬೇಕು. 'ಸೀಟು ಮುಗಿಯಿತು, ಹೋಗಿ ಬನ್ನಿ' ಎನ್ನುವಂತಿರಲಿಲ್ಲ.

ಹೀಗಾಗಿ ಕಾಲೇಜುಗಳು ಹೆದರಿ ಕಟ್‌ಆಫ್‌ ಏರಿಸುತ್ತಲೇ ಹೋದವು. 2011ರಲ್ಲಿ ಶ್ರೀರಾಮ್‌ ಕಾಲೇಜ್‌ ಆಫ್‌ ಕಾಮರ್ಸ್‌, ಪಿಯುಸಿ ಮಟ್ಟದಲ್ಲಿ ಕಾಮರ್ಸ್‌ ಓದದವರಿಗೆ ಬಿ.ಕಾಂಗೆ ಶೇ. 100 ಕಟ್‌ಆಫ್‌ ಇಟ್ಟಾಗ ದೇಶವೆಲ್ಲ ಬೆಚ್ಚಿಬಿದ್ದಿತ್ತು. ಹತ್ತು ವರ್ಷದ ನಂತರ, 2021ರಲ್ಲಿ, ಹಲವು ಕಾಲೇಜುಗಳು ಮೊದಲ ಪಟ್ಟಿಯಲ್ಲೇ ಶೇ. 100 ಕೇಳಿದವು. ಅಷ್ಟು ಅಂಕ ಯಾರಿಗೆ ಬಂದೀತು ಎಂದುಕೊಂಡರೆ, ಬಂತು. ಕೋವಿಡ್‌ ವರ್ಷದ ಫಲಿತಾಂಶದಲ್ಲಿ ನೂರಕ್ಕೆ ನೂರು ಪಡೆದವರು ಸಾಕಷ್ಟಿದ್ದರು. ಕೇರಳ ಬೋರ್ಡಿನ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿ ಬಂದರು. ಹಿಂದೂ ಕಾಲೇಜಿನ ರಾಜ್ಯಶಾಸ್ತ್ರದ ಸಾಮಾನ್ಯ ವರ್ಗದಲ್ಲಿ ಇದ್ದ ಸೀಟಿಗಿಂತ ಹಲವು ಪಟ್ಟು ಮಂದಿ ಒಂದೇ ಪಟ್ಟಿಯಲ್ಲಿ ಸೇರಿಕೊಂಡರು. ಕೇರಳದ ಬಗ್ಗೆ ಬೇಡದ ಮಾತುಗಳೆಲ್ಲ ಆಗ ಕೇಳಿಬಂದವು, ಅದು ಇಲ್ಲಿ ಬೇಡ.

ಆ ಪದ್ಧತಿ ಒಳ್ಳೆಯದಾಗಿತ್ತು ಎಂದಲ್ಲ. ಬೋರ್ಡ್‌ನಿಂದ ಬೋರ್ಡ್‌ಗೆ ಅಂಕದ ಬೆಲೆಯೇ ಬೇರೆ. ಬಿಗಿಯಾಗಿ ಅಂಕ ಕೊಡುವ ಬೋರ್ಡ್‌ನ ಮಕ್ಕಳು ಮೊದಲ ಸುತ್ತಿನಲ್ಲೇ ಹೊರಗುಳಿಯುತ್ತಿದ್ದರು. ಆದರೆ ಒಂದು ವಿಷಯವನ್ನು ಒಪ್ಪಬೇಕು. ಸಂಖ್ಯೆ ಮುಟ್ಟಿದವನಿಗೆ ಅಂದೇ ಉತ್ತರ ಸಿಗುತ್ತಿತ್ತು. ಅಂದಾಜು ತಪ್ಪಿದರೆ ಅದರ ಪರಿಣಾಮವನ್ನು ಉಣ್ಣುತ್ತಿದ್ದುದು ಕಾಲೇಜು.

71 ಸಾವಿರ ಸೀಟು, 93 ಸಾವಿರ ಹಂಚಿಕೆ

2022ರಲ್ಲಿ ಸಿಯುಇಟಿ ಬಂತು. ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಯುವ ಪರೀಕ್ಷೆ. ದೆಹಲಿ ವಿವಿ ಅದರ ಅಂಕದ ಮೇಲೆ ಸಿಎಸ್‌ಎಎಸ್‌ ಎಂಬ ಕೇಂದ್ರೀಕೃತ ಸೀಟು ಹಂಚಿಕೆ ಶುರು ಮಾಡಿತು. ವಿದ್ಯಾರ್ಥಿ ತನಗೆ ಬೇಕಾದ ಕೋರ್ಸ್‌ ಮತ್ತು ಕಾಲೇಜುಗಳ ಜೋಡಿಯನ್ನು ಆದ್ಯತೆಯ ಕ್ರಮದಲ್ಲಿ ತುಂಬಬೇಕು. ಕಂಪ್ಯೂಟರ್‌ ಒಂದು ಸೀಟು ಕೊಡುತ್ತದೆ. ಅದನ್ನು ಒಪ್ಪಿ, ಕಾಲೇಜು ದಾಖಲೆ ನೋಡಿ ಮಂಜೂರು ಮಾಡಿದ ಮೇಲೆ ಶುಲ್ಕ ಕಟ್ಟಬೇಕು. ಆಮೇಲೆ ಎರಡು ದಾರಿ. 'ಫ್ರೀಜ್‌' ಒತ್ತಿದರೆ ಸಿಕ್ಕಿದ್ದೇ ಖಾಯಂ. 'ಅಪ್‌ಗ್ರೇಡ್‌' ಒತ್ತಿದರೆ ಮುಂದಿನ ಸುತ್ತಿನಲ್ಲಿ ಪಟ್ಟಿಯಲ್ಲಿ ಮೇಲಿರುವ ಕಾಲೇಜಿಗಾಗಿ ಕಾಯಬಹುದು.

ಅಂದರೆ ವೇಟಿಂಗ್‌ ಲಿಸ್ಟ್‌ ಎಂಬ ಹೆಸರಿಲ್ಲದೆಯೇ ಪ್ರತಿಯೊಬ್ಬರೂ ವೇಟಿಂಗ್‌ ಲಿಸ್ಟ್‌ನಲ್ಲಿ. ಕೈಯಲ್ಲಿ ಒಂದು ಸೀಟು ಇಟ್ಟುಕೊಂಡು ಇನ್ನೊಂದಕ್ಕೆ ಕಾಯುವ ಈ ವ್ಯವಸ್ಥೆ ವಿದ್ಯಾರ್ಥಿಗೆ ಒಳ್ಳೆಯದೇ. ಬರಿಗೈಯಲ್ಲಿ ಕಾಯುವುದಕ್ಕಿಂತ ಸಾವಿರ ಪಾಲು ಮೇಲು. ಆದರೆ ನಿಯಮಗಳು ಒರಟು. ಹಂಚಿಕೆಯಾದ ಸೀಟನ್ನು ಗಡುವಿನೊಳಗೆ ಒಪ್ಪದಿದ್ದರೆ ಆ ಸುತ್ತುಗಳಿಂದಲೇ ಹೊರಗೆ. ಗಡುವು ಸಾಮಾನ್ಯವಾಗಿ ಎರಡು ಮೂರು ದಿನ, ಅದೂ ಸಂಜೆ 4.59ಕ್ಕೆ. ಅಪ್‌ಗ್ರೇಡ್‌ ಸಿಕ್ಕಿತು ಎಂದರೆ ಹಳೆಯ ಸೀಟು ತಾನಾಗಿಯೇ ರದ್ದು. 'ಬೇಡ, ಮೊದಲಿನದೇ ಇರಲಿ' ಎನ್ನಲು ಅವಕಾಶವಿಲ್ಲ. ಹುಬ್ಬಳ್ಳಿಯಿಂದ ಬಂದು ದಕ್ಷಿಣ ದೆಹಲಿಯ ಕಾಲೇಜಿನ ಹತ್ತಿರ ಪಿಜಿಗೆ ಮುಂಗಡ ಕೊಟ್ಟ ಹುಡುಗಿಗೆ ಮುಂದಿನ ವಾರ ನಾರ್ತ್‌ ಕ್ಯಾಂಪಸ್‌ನ ಕಾಲೇಜು ಸಿಕ್ಕರೆ ಖುಷಿಪಡಬೇಕೋ, ಕಮಲಾ ನಗರದಲ್ಲಿ ಹೊಸ ಪಿಜಿ ಹುಡುಕಬೇಕೋ?

ಇನ್ನು ವಿಶ್ವವಿದ್ಯಾಲಯದ ಕಡೆಯ ಲೆಕ್ಕ. ದೆಹಲಿ ವಿವಿಯಲ್ಲಿ ಪದವಿ ಸೀಟುಗಳು ಸುಮಾರು 71 ಸಾವಿರ. 2025ರ ಜುಲೈನಲ್ಲಿ ಮೊದಲ ಸುತ್ತಿನಲ್ಲೇ 93 ಸಾವಿರಕ್ಕೂ ಹೆಚ್ಚು ಮಂದಿಗೆ ಸೀಟು ಹಂಚಲಾಯಿತು. 2024ರಲ್ಲಿ ಅದು 97 ಸಾವಿರ ದಾಟಿತ್ತು. ಇದು ಲೆಕ್ಕದ ತಪ್ಪಲ್ಲ, ಬೇಕೆಂದೇ ಮಾಡಿದ್ದು. ಸೀಟು ಸಿಕ್ಕವರಲ್ಲಿ ಒಂದು ಪಾಲು ಎಂಜಿನಿಯರಿಂಗ್‌, ಮೆಡಿಕಲ್‌, ಖಾಸಗಿ ವಿವಿ ಎಂದು ಬೇರೆ ಕಡೆ ಹೋಗುತ್ತಾರೆ. ಅದನ್ನು ಮೊದಲೇ ಅಂದಾಜಿಸಿ ಸೀಟಿಗಿಂತ ಹೆಚ್ಚು ಹಂಚಿದರೆ ಸುತ್ತುಗಳು ಕಡಿಮೆಯಾಗುತ್ತವೆ, ತರಗತಿ ಬೇಗ ಶುರುವಾಗುತ್ತದೆ. ವಿಮಾನ ಕಂಪನಿಗಳು ಮಾಡುವ ಓವರ್‌ಬುಕಿಂಗ್‌ ಇದೇ.

ವಿದ್ಯಾರ್ಥಿಯ ದೃಷ್ಟಿಯಿಂದ ಇದು ಸರಿಯಾದ ನಡೆ ಎಂದೇ ಹೇಳಬೇಕು. ಹೆಚ್ಚು ಹಂಚಿದಷ್ಟೂ ಕಾಯುವವರು ಕಡಿಮೆ. ಅನಿಶ್ಚಿತತೆಯ ಒಂದು ಪಾಲನ್ನು ಸಂಸ್ಥೆ ಮತ್ತೆ ತನ್ನ ಮೇಲೆ ಎಳೆದುಕೊಂಡ ಹಾಗೆ. ಆದರೆ ಎಳೆದುಕೊಂಡಿದ್ದು ವಿಶ್ವವಿದ್ಯಾಲಯ, ಬೆಂಚು ಹಾಕಬೇಕಾದ್ದು ಕಾಲೇಜು. ಇಬ್ಬರ ನಡುವೆ ಒಮ್ಮತ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2024ರಲ್ಲಿ ಉತ್ತರ ಸಿಕ್ಕಿತು.

'ಅಂಡರ್‌ ಪ್ರೊಸೆಸ್‌' ಎಂಬ ಎರಡು ಪದ

ಆ ವರ್ಷ ದೆಹಲಿ ವಿವಿ ಸೇಂಟ್‌ ಸ್ಟೀಫನ್ಸ್‌ ಕಾಲೇಜಿಗೆ ಹಂಚಿದ ಕೆಲವು ವಿದ್ಯಾರ್ಥಿಗಳನ್ನು ಕಾಲೇಜು ಸೇರಿಸಿಕೊಳ್ಳಲಿಲ್ಲ. ಅದರಲ್ಲಿ ಕೆಲವರು 'ಒಬ್ಬಳೇ ಹೆಣ್ಣುಮಗು' ಕೋಟಾದವರು. 2023ರಿಂದ ದೆಹಲಿ ವಿವಿ ಪ್ರತಿ ಕಾಲೇಜಿನ ಪ್ರತಿ ಕೋರ್ಸ್‌ನಲ್ಲಿ ಒಂದು ಹೆಚ್ಚುವರಿ ಸೀಟನ್ನು ಇಂತಹ ಹೆಣ್ಣುಮಕ್ಕಳಿಗೆ ಇಡುತ್ತಿದೆ. ಸ್ಟೀಫನ್ಸ್‌ನಲ್ಲಿ ಬಿ.ಎ. ಪ್ರೋಗ್ರಾಂ ಅಡಿ 13 ವಿಷಯ ಜೋಡಣೆಗಳಿವೆ. ಇವೆಲ್ಲ ಸೇರಿ ಒಂದೇ ಕೋರ್ಸ್‌, ಹಾಗಾಗಿ ಒಂದೇ ಸೀಟು ಎಂದು ಕಾಲೇಜು ವಾದಿಸಿತು. ಪ್ರತಿ ಜೋಡಣೆಯೂ ಪ್ರತ್ಯೇಕ ಕೋರ್ಸ್‌ ಎಂದು ವಿವಿ ಹೇಳಿತು. ಮಂಜೂರಾದ ಸೀಟಿಗಿಂತ ಹೆಚ್ಚು ಮಂದಿಯನ್ನು ಹಂಚಿದ್ದರ ಬಗ್ಗೆಯೂ ಕಾಲೇಜಿನ ಆಕ್ಷೇಪ ಇತ್ತು.

ಇಬ್ಬರು ದೊಡ್ಡವರ ಜಗಳ. ಮಕ್ಕಳ ಪರದೆಯ ಮೇಲೆ ಕಂಡಿದ್ದು ಮಾತ್ರ ಎರಡೇ ಪದ: ಅಂಡರ್‌ ಪ್ರೊಸೆಸ್‌. ತಿರಸ್ಕಾರವೂ ಅಲ್ಲ, ಸ್ವೀಕಾರವೂ ಅಲ್ಲ. ಶುಲ್ಕ ಕಟ್ಟಲು ಲಿಂಕ್‌ ತೆರೆಯುವುದಿಲ್ಲ. ಮುಂದಿನ ಸುತ್ತಿಗೆ ಹೋಗೋಣವೆಂದರೆ ವ್ಯವಸ್ಥೆಯ ಲೆಕ್ಕದಲ್ಲಿ ಅವರಿಗೆ ಆಗಲೇ ಒಂದು ಸೀಟು ಸಿಕ್ಕಿದೆ. ಆಗಸ್ಟ್‌ 29ಕ್ಕೆ ತರಗತಿಗಳು ಆರಂಭವಾದವು. ವಿದ್ಯಾರ್ಥಿಗಳು ದೆಹಲಿ ಹೈಕೋರ್ಟ್‌ ಮೆಟ್ಟಿಲೇರಿದ್ದರು. ಸೆಪ್ಟೆಂಬರ್‌ 6ರಂದು ನ್ಯಾಯಮೂರ್ತಿ ಸ್ವರ್ಣಕಾಂತ ಶರ್ಮಾ ಅವರ ಏಕಸದಸ್ಯ ಪೀಠ, ಇವರಿಗೆ ಪ್ರವೇಶ ಕೊಡುವಂತೆ ಆದೇಶಿಸಿತು. ವಿದ್ಯಾರ್ಥಿಗಳ ಕಡೆಯಿಂದ ಯಾವ ತಪ್ಪೂ ಇಲ್ಲದಿದ್ದರೂ ಅವರನ್ನು 'ಅಂಡರ್‌ ಪ್ರೊಸೆಸ್‌'ನಲ್ಲಿ ಇಟ್ಟದ್ದರಿಂದ ಮುಂದಿನ ಸುತ್ತುಗಳಲ್ಲಿ ಭಾಗವಹಿಸುವ ಅವಕಾಶವೂ ತಪ್ಪಿತು ಎಂಬುದನ್ನು ಕೋರ್ಟ್‌ ಗಮನಿಸಿತು.

ಆದೇಶದಲ್ಲಿ ಮುಖ್ಯವಾದ ಅಂಶ ಇದೇ. ಸೀಟು ಸಿಗದಿರುವುದು ಒಂದು ನಷ್ಟ. ಕಾಯಿಸಿದ್ದರಿಂದ ಬೇರೆ ಸೀಟುಗಳೂ ಕೈತಪ್ಪುವುದು ಅದಕ್ಕಿಂತ ದೊಡ್ಡ ನಷ್ಟ. ಮೊದಲನೆಯದನ್ನು ಸ್ಪರ್ಧೆಯ ಫಲ ಎನ್ನಬಹುದು. ಎರಡನೆಯದು ಆಡಳಿತ ಮಾಡಿದ ಹಾನಿ. ವಕೀಲರನ್ನು ಇಟ್ಟು ಹೈಕೋರ್ಟ್‌ಗೆ ಹೋಗಲು ಶಕ್ತಿಯಿರುವ ಮನೆಗಳು ಎಷ್ಟಿದ್ದಾವು?

1962ರಲ್ಲೇ ಕಂಡಿದ್ದ ಪರಿಹಾರ

ಈ ಸಮಸ್ಯೆ ಹೊಸದೂ ಅಲ್ಲ, ಬಗೆಹರಿಯದ್ದೂ ಅಲ್ಲ. ಡೇವಿಡ್‌ ಗೇಲ್‌ ಮತ್ತು ಲಾಯ್ಡ್‌ ಶಾಪ್ಲೆ ಎಂಬ ಇಬ್ಬರು ಗಣಿತಜ್ಞರು 1962ರಲ್ಲಿ ಕೆಲವೇ ಪುಟಗಳ ಒಂದು ಪ್ರಬಂಧ ಬರೆದರು. ವಿಷಯ: ಕಾಲೇಜು ಪ್ರವೇಶ ಮತ್ತು ಮದುವೆ. ಅಮೆರಿಕದ ಕಾಲೇಜುಗಳು ಎಷ್ಟು ಮಂದಿಗೆ ಸೀಟು ಕೊಟ್ಟರೆ ಎಷ್ಟು ಮಂದಿ ಬಂದಾರು ಎಂದು ತಿಳಿಯದೆ ವೇಟಿಂಗ್‌ ಲಿಸ್ಟ್‌ ಎಂಬ ಉಪಾಯ ಹೂಡಿವೆ, ಅದು ಹೊಸ ತೊಂದರೆಗಳನ್ನೇ ತಂದಿದೆ ಎಂಬಲ್ಲಿಂದ ಅದು ಶುರುವಾಗುತ್ತದೆ.

ಅವರು ಸೂಚಿಸಿದ ದಾರಿ ಸರಳ. ಎಲ್ಲರೂ ತಮ್ಮ ಮೊದಲ ಆಯ್ಕೆಗೆ ಅರ್ಜಿ ಹಾಕಲಿ. ಕಾಲೇಜು ತನ್ನಲ್ಲಿರುವ ಸೀಟಿನಷ್ಟು ಮಂದಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಂಡು ಉಳಿದವರನ್ನು ಕಳುಹಿಸಲಿ. ಅವರು ಎರಡನೇ ಆಯ್ಕೆಗೆ ಹೋಗಲಿ. ಅಲ್ಲಿ ಇವರಿಗಿಂತ ಕಡಿಮೆ ಅಂಕದವರು ಕೂತಿದ್ದರೆ ಅವರು ಜಾಗ ಬಿಡಲಿ. ಹೀಗೆ ಸುತ್ತು ಮುಗಿಯುವವರೆಗೂ ಯಾರ ಸೀಟೂ ಖಾಯಂ ಅಲ್ಲ, ಯಾರೂ ದುಡ್ಡು ಕಟ್ಟುವಂತಿಲ್ಲ. ಕೊನೆಗೆ ಪ್ರತಿಯೊಬ್ಬರಿಗೂ ತಮ್ಮ ಅಂಕಕ್ಕೆ ಸಿಗಬಹುದಾದ ಅತ್ಯುತ್ತಮ ಸೀಟು ಸಿಕ್ಕಿರುತ್ತದೆ. ಕಾಯುವಿಕೆಯೆಲ್ಲ ಕಂಪ್ಯೂಟರ್‌ ಒಳಗೆ ನಡೆದುಹೋಗುತ್ತದೆ, ಮನೆಗೆ ಬರುವುದೇ ಇಲ್ಲ. ಶಾಪ್ಲೆ ಅವರಿಗೆ ಆಲ್ವಿನ್‌ ರಾತ್‌ ಜತೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್‌ ಬಂತು. ಗೇಲ್‌ ಅದನ್ನು ನೋಡಲು ಇರಲಿಲ್ಲ, 2008ರಲ್ಲೇ ತೀರಿಕೊಂಡಿದ್ದರು.

ಭಾರತದಲ್ಲಿ ಇದರ ಒಳ್ಳೆಯ ಬಳಕೆ ಆಗಿರುವುದು ಎಂಜಿನಿಯರಿಂಗ್‌ನಲ್ಲಿ. 2014ರವರೆಗೆ ಐಐಟಿಗಳ ಕೌನ್ಸೆಲಿಂಗ್‌ ಬೇರೆ, ಎನ್‌ಐಟಿಗಳದು ಬೇರೆ. ಒಬ್ಬನೇ ಹುಡುಗ ಎರಡು ಕಡೆ ಸೀಟು ಹಿಡಿದು ಕೂರುತ್ತಿದ್ದ. ಅವನು ಕೊನೆಗೆ ಒಂದು ಬಿಟ್ಟಾಗ ಅದು ಯಾರಿಗೂ ಸಿಗದ ಹಾಗೆ ಸಮಯ ಮೀರಿರುತ್ತಿತ್ತು. 2015ರಿಂದ ಜೋಸಾ ಎಂಬ ಒಂದೇ ವೇದಿಕೆ. ಒಬ್ಬರಿಗೆ ಒಂದೇ ಸೀಟು. 'ಫ್ಲೋಟ್‌' ಎಂದರೆ ಕೈಯಲ್ಲಿರುವುದನ್ನು ಹಿಡಿದು ಯಾವ ಸಂಸ್ಥೆಯ ಮೇಲಿನ ಆಯ್ಕೆಗಾದರೂ ಕಾಯುವುದು, 'ಸ್ಲೈಡ್‌' ಎಂದರೆ ಅದೇ ಸಂಸ್ಥೆಯೊಳಗೆ ಬೇರೆ ಬ್ರಾಂಚ್‌ಗೆ ಕಾಯುವುದು, 'ಫ್ರೀಜ್‌' ಎಂದರೆ ಸಾಕು. ಸುರತ್ಕಲ್‌ನ ಎನ್‌ಐಟಿಕೆ ಸೀಟು ಇಟ್ಟುಕೊಂಡೇ ಬಾಂಬೆ ಐಐಟಿಗೆ ಆಸೆಪಡಬಹುದು. ಎರಡನ್ನೂ ಹಿಡಿದಿಡಲು ಮಾತ್ರ ಆಗದು.

ಕರ್ನಾಟಕದ ಸಿಇಟಿಯಲ್ಲೂ ಇಂಥದ್ದೇ ಇದೆ. ಕೆಇಎ ಕೊಡುವ ಚಾಯ್ಸ್‌ 1, 2, 3, 4 ಎಂಬ ನಾಲ್ಕು ಗುಂಡಿಗಳು ಬೆಂಗಳೂರಿನ ಪಿಯುಸಿ ಮನೆಗಳಲ್ಲಿ ಮನೆಮಾತು. ಎರಡನೆಯದನ್ನು ಒತ್ತಿದರೆ 'ಇದೂ ಇರಲಿ, ಮೇಲಿನದಕ್ಕೂ ನೋಡುತ್ತೇನೆ' ಎಂದರ್ಥ. ಮೂರನೆಯದನ್ನು ಒತ್ತುವುದು ಎದೆಗಾರಿಕೆ ಇದ್ದವರ ಕೆಲಸ, ಸಿಕ್ಕಿದ್ದನ್ನು ಬಿಟ್ಟುಕೊಟ್ಟೇ ಮುಂದಿನ ಸುತ್ತಿಗೆ ಹೋಗಬೇಕು.

ದ್ವೀಪಗಳ ನಡುವೆ ಸೇತುವೆ ಇಲ್ಲ

ಹಾಗಾದರೆ ಇನ್ನೂ ಈ ಪಾಡು ಏಕೆ? ಏಕೆಂದರೆ ಪ್ರತಿ ವ್ಯವಸ್ಥೆ ತನ್ನೊಳಗೆ ಅಚ್ಚುಕಟ್ಟು, ಇನ್ನೊಂದರ ಜತೆ ಮಾತೇ ಇಲ್ಲ. ಜೋಸಾಗೆ ದೆಹಲಿ ವಿವಿ ಗೊತ್ತಿಲ್ಲ. ದೆಹಲಿ ವಿವಿಗೆ ನೀಟ್‌ ಕೌನ್ಸೆಲಿಂಗ್‌ ಗೊತ್ತಿಲ್ಲ. ಕೆಇಎಗೆ ಮಹಾರಾಷ್ಟ್ರ ಸಿಇಟಿ ಸೆಲ್‌ ಗೊತ್ತಿಲ್ಲ. ಖಾಸಗಿ ವಿವಿಗಳಂತೂ ಯಾರನ್ನೂ ಕೇಳುವುದಿಲ್ಲ. ಒಬ್ಬ ವಿದ್ಯಾರ್ಥಿ ನಾಲ್ಕು ಕಡೆ ನಾಲ್ಕು ಸೀಟು ಹಿಡಿದಿದ್ದರೆ ಅದು ಅವನ ದುರಾಸೆಯಲ್ಲ, ಭಯ. ಅವನು ಹಿಡಿದ ಮೂರು ಸೀಟುಗಳ ಹಿಂದೆ ಮೂವರು ಕಾಯುತ್ತಿರುತ್ತಾರೆ. ಮೆಡಿಕಲ್‌ ಕೌನ್ಸೆಲಿಂಗ್‌ ಮುಗಿಯುವ ಹೊತ್ತಿಗೆ ದೆಹಲಿ ವಿವಿಯ ಬಿ.ಎಸ್ಸಿ. ತರಗತಿಗಳಲ್ಲಿ ಕಿರುಪರೀಕ್ಷೆಗಳೇ ಆಗಿರುತ್ತವೆ. ಆಗ ತೆರವಾದ ಸೀಟು ಯಾರ ಉಪಯೋಗಕ್ಕೂ ಬರುವುದಿಲ್ಲ.

ಹೊರನಾಡ ಕನ್ನಡಿಗರಿಗೆ ಇದರಲ್ಲಿ ಒಂದು ವಿಶೇಷ ಸಂಕಟ. ಕೆಇಎ ಸರ್ಕಾರಿ ಕೋಟಾಕ್ಕೆ ಸಾಮಾನ್ಯವಾಗಿ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕು. ಬ್ಯಾಂಕ್‌, ರೈಲ್ವೆ, ಐಟಿ ಎಂದು ಊರೂರು ಸುತ್ತಿದ ಅಪ್ಪ ಅಮ್ಮನ ಮಕ್ಕಳಿಗೆ ಆ ಲೆಕ್ಕ ಎಷ್ಟೋ ಸಲ ಕೂಡುವುದಿಲ್ಲ. ಕೆಲವು ವಿನಾಯಿತಿಗಳಿವೆ, ಎಲ್ಲರಿಗೂ ಅಲ್ಲ. ಇರುವ ರಾಜ್ಯದ ವಾಸಸ್ಥಳದ ನಿಯಮ ಮತ್ತೊಂದು ಗೋಡೆ. ಮನೆಯಲ್ಲಿ ಕನ್ನಡ, ಸೊಸೈಟಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್‌ ಮಾತಾಡಿಕೊಂಡು ಬೆಳೆದ ಮಗು ಎರಡೂ ರಾಜ್ಯದ ಪಟ್ಟಿಯಲ್ಲಿ ಹೊರಗಿನದು. ಹೀಗಾಗಿ ಅಖಿಲ ಭಾರತ ಮಟ್ಟದ ದಾರಿಗಳ ಮೇಲೆ, ಅಂದರೆ ಹೆಚ್ಚು ಕಾಯಿಸುವ ದಾರಿಗಳ ಮೇಲೆ, ಈ ಮನೆಗಳು ಹೆಚ್ಚು ಅವಲಂಬಿಸಿವೆ.

ಸೇತುವೆ ಇಲ್ಲದ ಕಡೆ ದೋಣಿ ನಡೆಸುವವರು ಬರುತ್ತಾರೆ. 2024ರಲ್ಲಿ ಕರ್ನಾಟಕದಲ್ಲಿ ಎಂಜಿನಿಯರಿಂಗ್‌ ಸೀಟ್‌ ಬ್ಲಾಕಿಂಗ್‌ ಆರೋಪ ಎದ್ದು, ಸೀಟು ಪಡೆದೂ ಸೇರದ ಎರಡು ಸಾವಿರಕ್ಕೂ ಹೆಚ್ಚು ಅಭ್ಯರ್ಥಿಗಳಿಗೆ ಕೆಇಎ ನೋಟಿಸ್‌ ಕೊಟ್ಟಿತು. ಪ್ರಕರಣ ಪೊಲೀಸರಿಗೆ ಹೋಯಿತು, ಬಂಧನಗಳೂ ಆದವು. ಸೇರುವ ಉದ್ದೇಶವೇ ಇಲ್ಲದವರ ಲಾಗಿನ್‌ ಬಳಸಿ ಬೇಡಿಕೆಯ ಸೀಟು ಹಿಡಿದಿಡುವುದು, ಕೊನೆಯ ಸುತ್ತು ಮುಗಿದ ಮೇಲೆ ಅದು ಖಾಲಿ ಉಳಿದು ದೊಡ್ಡ ಮೊತ್ತಕ್ಕೆ ಬಿಕರಿಯಾಗುವುದು. ಆರೋಪದ ತಿರುಳು ಇಷ್ಟು. ಪ್ರಾಮಾಣಿಕವಾಗಿ ಚಾಯ್ಸ್‌ 2 ಒತ್ತಿ ಕಾದವನಿಗೆ ಆ ಸೀಟು ತನ್ನ ಮುಂದೆಯೇ ಮಾಯವಾಯಿತು ಎಂಬುದೂ ತಿಳಿಯದು.

ವೈದ್ಯಕೀಯ ಸ್ನಾತಕೋತ್ತರ ಪ್ರವೇಶದಲ್ಲಿ ಇದೇ ರೋಗವನ್ನು ಸುಪ್ರೀಂ ಕೋರ್ಟ್‌ 2025ರಲ್ಲಿ ಗುರುತಿಸಿ, ಅಖಿಲ ಭಾರತ ಮತ್ತು ರಾಜ್ಯ ಕೋಟಾಗಳ ಸುತ್ತುಗಳನ್ನು ಹೊಂದಿಸಿದ ಒಂದು ರಾಷ್ಟ್ರೀಯ ವೇಳಾಪಟ್ಟಿ, ಕೌನ್ಸೆಲಿಂಗ್‌ಗೆ ಮೊದಲೇ ಶುಲ್ಕದ ಪೂರ್ಣ ವಿವರ, ಎರಡನೇ ಸುತ್ತಿನ ನಂತರ ಸೇರಿದವರಿಗೆ ಮೇಲೇರಲು ಅವಕಾಶ, ಸೀಟು ತಡೆಹಿಡಿದವರಿಗೆ ದಂಡ ಎಂದೆಲ್ಲ ನಿರ್ದೇಶನ ಕೊಟ್ಟಿತು. ಎಂ.ಡಿ. ಸೀಟಿಗೆ ಬೇಕಾದ ಈ ಶಿಸ್ತು ಬಿ.ಎ., ಬಿ.ಎಸ್ಸಿ., ಬಿ.ಇ. ಸೀಟಿಗೆ ಬೇಡವೇ? ವಿಚಿತ್ರವೆಂದರೆ ಇದಕ್ಕೆ ಹೊಸ ತಂತ್ರಜ್ಞಾನವೇನೂ ಬೇಡ. ಸೀಟು ಹಂಚುವ ಸಂಸ್ಥೆಗಳು ಒಂದೇ ಕ್ಯಾಲೆಂಡರ್‌ ಮುಂದಿಟ್ಟುಕೊಂಡು ಕೂತರೆ ಅರ್ಧ ಕೆಲಸ ಮುಗಿದಂತೆ. ಕೂರುತ್ತಿಲ್ಲ. ಪರೀಕ್ಷೆಯೇ ಸಮಯಕ್ಕೆ ಮುಗಿಯುವುದಿಲ್ಲ. ಸಿಯುಇಟಿ ಮೊದಲ ವರ್ಷ ಫಲಿತಾಂಶ ಬಂದಿದ್ದು ಸೆಪ್ಟೆಂಬರ್‌ 16ಕ್ಕೆ, ದೆಹಲಿ ವಿವಿ ತರಗತಿ ಆರಂಭವಾಗಿದ್ದು ನವೆಂಬರ್‌ 2ಕ್ಕೆ. 2024ರಲ್ಲಿ ಫಲಿತಾಂಶ ಜುಲೈ 28. 2025ರಲ್ಲಿ ಜುಲೈ 4ಕ್ಕೇ ಬಂದು ಆಗಸ್ಟ್‌ 1ಕ್ಕೆ ತರಗತಿ ಶುರುವಾಯಿತು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಅಷ್ಟು ಸಾಕು.

ಕಟ್ಟಿದ ದುಡ್ಡಿನ ಕಥೆ

ಫಲಿತಾಂಶ ತಡವಾದಷ್ಟೂ ಲಾಭ ಖಾಸಗಿಯವರಿಗೆ. ಮೇ ತಿಂಗಳಲ್ಲೇ 'ಅಭಿನಂದನೆಗಳು' ಎಂಬ ಇಮೇಲ್‌ ಬರುತ್ತದೆ, ಹತ್ತು ದಿನದಲ್ಲಿ ಸೀಟು ಖಚಿತಪಡಿಸಲು ಇಷ್ಟು ಕಟ್ಟಿ ಎಂಬ ಸಾಲೂ ಇರುತ್ತದೆ. ಕಟ್ಟದೇ ಕಾಯಲು ಧೈರ್ಯ ಸಾಲದು. ಹೀಗೆ ಕಟ್ಟಿದ ಹಣ ಕಾಯುವಿಕೆಯ ಮೇಲಿನ ತೆರಿಗೆ ಇದ್ದಂತೆ.

ಇದರ ಬಗ್ಗೆ ನಿಯಮ ಇದೆ, ತಿಳಿದವರು ಕಡಿಮೆ. ಯುಜಿಸಿಯ 2018ರ ಅಧಿಸೂಚನೆ ಪ್ರಕಾರ ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಸೀಟು ಬಿಟ್ಟರೆ ಅಲ್ಪ ಸಂಸ್ಕರಣಾ ಶುಲ್ಕ ಬಿಟ್ಟು ಪೂರ್ತಿ ಹಣ ವಾಪಸ್‌ ಕೊಡಬೇಕು. ಅಲ್ಲಿಂದ ಮುಂದೆ ಶೇ. 90, 80, 50 ಎಂದು ಇಳಿಯುತ್ತದೆ. ಮೂಲ ಅಂಕಪಟ್ಟಿ, ಪ್ರಮಾಣಪತ್ರಗಳನ್ನು ಕಾಲೇಜು ಹಿಡಿದಿಟ್ಟುಕೊಳ್ಳುವಂತಿಲ್ಲ. ಸಿಯುಇಟಿ ಗೊಂದಲ ಶುರುವಾದ ಮೇಲೆ ಯುಜಿಸಿ ಇನ್ನೂ ಉದಾರವಾಯಿತು. 2024-25ರ ಸಾಲಿಗೆ ಸೆಪ್ಟೆಂಬರ್‌ 30ರೊಳಗೆ ಬಿಟ್ಟವರಿಗೆ ಪೂರ್ಣ ಮರುಪಾವತಿ, ಅಕ್ಟೋಬರ್‌ 31ರವರೆಗೆ ಬಿಟ್ಟರೆ ಗರಿಷ್ಠ ₹1000 ಮಾತ್ರ ಕಡಿತ ಎಂದಿತು. ಆಯಾ ವರ್ಷದ ಸುತ್ತೋಲೆಯನ್ನು ಯುಜಿಸಿ ಜಾಲತಾಣದಲ್ಲಿ ನೋಡಿಕೊಳ್ಳಬೇಕು. ತಾಂತ್ರಿಕ ಕೋರ್ಸ್‌ಗಳಿಗೆ ಎಐಸಿಟಿಇ ಕ್ಯಾಲೆಂಡರ್‌ ಬೇರೆ.

ಕಾಗದದ ಮೇಲೆ ಇದು ಚೆನ್ನಾಗಿದೆ. ವಾಸ್ತವದಲ್ಲಿ 'ಅದು ಟ್ಯೂಷನ್‌ ಫೀ ಅಲ್ಲ, ರಿಜಿಸ್ಟ್ರೇಷನ್‌ ಫೀ' ಎಂಬ ಉತ್ತರ, ಎತ್ತದ ಫೋನು, ತಿಂಗಳುಗಟ್ಟಲೆ 'ಪರಿಶೀಲನೆಯಲ್ಲಿದೆ' ಎಂಬ ಮೇಲ್‌. ಸೀಟು ಬಿಡುವ ದಿನವೇ ದಿನಾಂಕ ಇರುವ ಇಮೇಲ್‌ ಕಳಿಸಿ, ರಸೀದಿ ಇಟ್ಟುಕೊಂಡು, ಯುಜಿಸಿಯ ಇ-ಸಮಾಧಾನ್‌ ಪೋರ್ಟಲ್‌ನಲ್ಲಿ ದೂರು ಹಾಕಿದವರಿಗೆ ಹಣ ಬರುವ ಸಾಧ್ಯತೆ ಹೆಚ್ಚು. ಬಾಯಿಮಾತಿನಲ್ಲಿ ಕೇಳಿದವರು ಕೊನೆಗೆ ಸುಸ್ತಾಗಿ ಸುಮ್ಮನಾಗುತ್ತಾರೆ.

ಅಮೆರಿಕದ ಪಟ್ಟಿಯಲ್ಲಿ ಸರತಿಯೇ ಇಲ್ಲ

ಅಮೆರಿಕದ ವಿವಿಗಳಿಗೆ ಅರ್ಜಿ ಹಾಕಿ 'ವೇಟ್‌ಲಿಸ್ಟೆಡ್‌' ಎಂಬ ಉತ್ತರ ಪಡೆದ ಮಕ್ಕಳ ಮನೆಯಲ್ಲಿ ಮೊದಲು ಕೇಳುವ ಪ್ರಶ್ನೆ: ಎಷ್ಟನೇ ನಂಬರ್‌? ನಂಬರ್‌ ಇರುವುದಿಲ್ಲ. ಅಲ್ಲಿನ ಹೆಚ್ಚಿನ ಆಯ್ದ ವಿವಿಗಳ ಪಟ್ಟಿ ಸರತಿಯ ಸಾಲಲ್ಲ, ಒಂದು ಬುಟ್ಟಿ. ಸೀಟು ಸಿಕ್ಕವರು ಒಪ್ಪಿಗೆ ತಿಳಿಸಬೇಕಾದ ದಿನ ಸಾಮಾನ್ಯವಾಗಿ ಮೇ 1. ಆಮೇಲೆ ಎಲ್ಲಿ ಕೊರತೆ ಬಿತ್ತೋ ಅದಕ್ಕೆ ತಕ್ಕವರನ್ನು ಬುಟ್ಟಿಯಿಂದ ಎತ್ತಿಕೊಳ್ಳುತ್ತಾರೆ. ಭೌತಶಾಸ್ತ್ರಕ್ಕೆ ಮಂದಿ ಕಡಿಮೆಯಾದರೆ ಭೌತಶಾಸ್ತ್ರದವರು, ಪೂರ್ತಿ ಶುಲ್ಕ ಕಟ್ಟುವವರು ಬೇಕಿದ್ದರೆ ಅವರು. ಅಲ್ಲಿನ ಪ್ರವೇಶ ಸಲಹೆಗಾರರ ರಾಷ್ಟ್ರೀಯ ಸಂಘದ 2019ರ ವರದಿ ಪ್ರಕಾರ, ಪಟ್ಟಿಯಲ್ಲಿ ಉಳಿಯಲು ಒಪ್ಪಿದವರಲ್ಲಿ ಸರಾಸರಿ ಶೇ. 20 ಮಂದಿಗೆ ಸೀಟು ಸಿಗುತ್ತಿತ್ತು. ತೀರಾ ಆಯ್ದ ವಿವಿಗಳಲ್ಲಿ ಅದು ಶೇ. 7.

ಭಾರತದ ವಿದ್ಯಾರ್ಥಿಗೆ ಇನ್ನೂ ಒಂದು ತೊಡಕು. ಜೂನ್‌ ಕೊನೆಯಲ್ಲಿ 'ಬನ್ನಿ' ಎಂದರೂ ಐ-20 ಬರಬೇಕು, ವೀಸಾ ಸಂದರ್ಶನ ಸಿಗಬೇಕು. 2025ರ ಮೇ ಕೊನೆಯಲ್ಲಿ ಅಮೆರಿಕ ಹೊಸ ವಿದ್ಯಾರ್ಥಿ ವೀಸಾ ಸಂದರ್ಶನಗಳ ನಿಗದಿಯನ್ನೇ ಕೆಲವು ವಾರ ನಿಲ್ಲಿಸಿದಾಗ, ತಡವಾಗಿ ಸೀಟು ಸಿಕ್ಕವರೇ ಹೆಚ್ಚು ಪೇಚಿಗೆ ಸಿಕ್ಕರು. ಇನ್ನೊಂದು ವಿವಿಗೆ ಕಟ್ಟಿದ ಠೇವಣಿ ವಾಪಸ್‌ ಬರುವುದಿಲ್ಲ, ಅಲ್ಲಿ ಯುಜಿಸಿ ಇಲ್ಲ. ಆದರೆ ಒಂದು ವಿಷಯದಲ್ಲಿ ಅಲ್ಲಿನವರು ಮುಂದಿದ್ದಾರೆ. ಕಳೆದ ವರ್ಷ ಎಷ್ಟು ಮಂದಿಯನ್ನು ಪಟ್ಟಿಯಲ್ಲಿಟ್ಟರು, ಎಷ್ಟು ಮಂದಿ ಉಳಿದರು, ಎಷ್ಟು ಮಂದಿಗೆ ಸೀಟು ಸಿಕ್ಕಿತು ಎಂಬುದನ್ನು ಬಹಳಷ್ಟು ವಿವಿಗಳು 'ಕಾಮನ್‌ ಡೇಟಾ ಸೆಟ್‌' ಎಂಬ ದಾಖಲೆಯಲ್ಲಿ ಪ್ರಕಟಿಸುತ್ತವೆ. ಆಸೆಯನ್ನು ಎಷ್ಟಿಟ್ಟುಕೊಳ್ಳಬೇಕು ಎಂದು ಅಳೆಯಲು ಒಂದು ಅಳತೆಗೋಲಾದರೂ ಇದೆ. ಇಲ್ಲಿನ ಖಾಸಗಿ ವಿವಿಗಳಲ್ಲಿ ಎಷ್ಟು ಅಂತಹ ಲೆಕ್ಕವನ್ನು ಹೊರಗಿಡುತ್ತವೆ?

ಕೊನೆಯ ಸುತ್ತಿನಲ್ಲಿ ಯಾರಿದ್ದಾರೆ?

ಮತ್ತೆ ದೆಹಲಿಗೆ ಬಂದರೆ, ಇಷ್ಟೆಲ್ಲ ಹೆಚ್ಚುವರಿ ಹಂಚಿಕೆ, ಸುತ್ತಿನ ಮೇಲೆ ಸುತ್ತು ಆದ ಮೇಲೂ 2024 ಮತ್ತು 2025ರಲ್ಲಿ ಸಾವಿರಾರು ಸೀಟು ಖಾಲಿ ಉಳಿದವು. ಬಹುಪಾಲು ಬೇಡಿಕೆ ಕಡಿಮೆಯಿರುವ ಭಾಷಾ ಮತ್ತು ವಿಜ್ಞಾನ ಕೋರ್ಸ್‌ಗಳವು. ಅವನ್ನು ತುಂಬಲು ವಿವಿ 'ಮಾಪ್‌-ಅಪ್‌' ಸುತ್ತು ನಡೆಸಿತು. ಅಲ್ಲಿ ಆಯ್ಕೆಯ ಆಧಾರ 12ನೇ ತರಗತಿಯ ಅಂಕ. ಯಾವ ಅಂಕದಿಂದ ಮಕ್ಕಳನ್ನು ಬಿಡಿಸಲೆಂದು ಸಿಯುಇಟಿ ತಂದರೋ, ಅದೇ ಅಂಕ.

ಈ ಸುತ್ತಿಗೆ ದೆಹಲಿ ವಿವಿಯ ಯಾವುದೇ ಕಾಲೇಜಿನಲ್ಲಿ ಆಗಲೇ ಸೇರಿದವರು ಅರ್ಜಿ ಹಾಕುವಂತಿಲ್ಲ. ಮೊದಲ ಸುತ್ತಿನಲ್ಲಿ ಸಿಕ್ಕ, ತನಗೆ ಅಷ್ಟೇನೂ ಬೇಡದ ಕೋರ್ಸ್‌ಗೆ ಹೆದರಿ ಹೂಂ ಎಂದು, ಸುತ್ತು ಸುತ್ತಿಗೂ ಅಪ್‌ಗ್ರೇಡ್‌ ಒತ್ತಿ, ಬರುವುದಿಲ್ಲ ಎಂದು ಖಚಿತವಾದ ಮೇಲೆ ಅದೇ ತರಗತಿಯ ಕೊನೆಯ ಬೆಂಚಿನಲ್ಲಿ ಕೂತ ಹುಡುಗಿಗೆ, ತಾನು ಕಾದಿದ್ದ ಕೋರ್ಸ್‌ನ ಹೆಸರು ಸೆಪ್ಟೆಂಬರ್‌ನ ಖಾಲಿ ಸೀಟುಗಳ ಪಟ್ಟಿಯಲ್ಲಿ ಕಂಡರೂ ಒತ್ತಲು ಗುಂಡಿ ಇರುವುದಿಲ್ಲ.